‘ಆನ್’, ‘ಆಫ್’, ‘ಅಪ್’ ಯಾರ ಕಡೆಯವು? ಇಂಗ್ಲಿಷಿನ ಕ್ರಿಯಾಪದಗಳೂ ಪ್ರೆಪೊಸಿಷನ್‌ಗಳೂ ಕೂಡುವ ಬಗೆ

ಬ್ಯಾಂಕುಗಳು ಸಾವಿರಾರು ಕೋಟಿ ರೂಪಾಯಿಯ ಸಾಲವನ್ನು ‘ರೈಟ್ ಆಫ್’ ಮಾಡಿವೆ ಎಂಬ ಸುದ್ದಿ ಬಂದಾಗಲೆಲ್ಲ ಅದನ್ನು ‘ಸಾಲ ಮನ್ನಾ’ ಎಂದೇ ಓದಿಕೊಂಡು ಸಿಟ್ಟಾಗುವವರು ಬಹಳ ಮಂದಿ. ಮನ್ನಾ ಎಂದರೆ ಸಾಲಗಾರ ಇನ್ನು ಹಣ ಕಟ್ಟಬೇಕಾಗಿಲ್ಲ ಎಂದರ್ಥ. ಅದಕ್ಕೆ ಇಂಗ್ಲಿಷಿನಲ್ಲಿ ‘ವೇವ್’ ಎಂಬ ಬೇರೆಯೇ ಕ್ರಿಯಾಪದವಿದೆ. ‘ರೈಟ್ ಆಫ್’ ಎಂದರೆ, ವಸೂಲಾಗುವ ಭರವಸೆ ಉಳಿಯದ ಸಾಲವನ್ನು ಬ್ಯಾಂಕು ತನ್ನ ಲೆಕ್ಕಪತ್ರದಲ್ಲಿ ಆಸ್ತಿಯೆಂದು ತೋರಿಸುವುದನ್ನು ನಿಲ್ಲಿಸುವುದು ಮಾತ್ರ. ಸಾಲಗಾರನ ಹೊಣೆ ಹಾಗೆಯೇ ಉಳಿದಿರುತ್ತದೆ, ವಸೂಲಿಯ ಪ್ರಯತ್ನವೂ ಮುಂದುವರಿಯಬಹುದು. ಇವೆರಡನ್ನೂ ಬೆರೆಸಿ ‘ವೇವ್ ಆಫ್’ ಎಂದು ಬರೆಯುವ ರೂಢಿ ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಿಯೂ ಇದೆ. ‘ರೈಟ್’ ಎಂದರೆ ಬರೆ, ‘ಆಫ್’ ಎಂದರೆ ದೂರ ಎಂದು ಬಿಡಿಬಿಡಿಯಾಗಿ ಅರ್ಥ ಹಚ್ಚುತ್ತ ಹೋದರೆ ಸುದ್ದಿಯ ತಿರುಳು ಕೈಗೆ ಸಿಗುವುದಿಲ್ಲ.

ಇಂಥ ಜೋಡಿಗಳು ಈಗ ಎಲ್ಲರ ದಿನಚರಿಯಲ್ಲಿಯೂ ಬಂದು ಕುಳಿತಿವೆ. ಮೊಬೈಲಿನ ಪರದೆ ‘ಆಪ್ಟ್ ಇನ್’ ಮತ್ತು ‘ಆಪ್ಟ್ ಔಟ್’ ಎಂದು ಎರಡು ಆಯ್ಕೆ ತೋರಿಸುತ್ತದೆ. ಒಂದನ್ನು ಒತ್ತಿದರೆ ಯೋಜನೆಗೆ ಸೇರಿಕೊಳ್ಳುತ್ತೇವೆ, ಇನ್ನೊಂದನ್ನು ಒತ್ತಿದರೆ ಅದರಿಂದ ಹೊರಬರುತ್ತೇವೆ. ಸಂಘಟನೆಯೊಂದು ಬಂದ್ ಅನ್ನು ‘ಕಾಲ್ಡ್ ಫಾರ್’ ಎಂದು ಸುದ್ದಿಯಿದ್ದರೆ ಕರೆ ಕೊಟ್ಟಿದೆ ಎಂದೂ, ‘ಕಾಲ್ಡ್ ಆಫ್’ ಎಂದಿದ್ದರೆ ಕೈಬಿಟ್ಟಿದೆ ಎಂದೂ ತಿಳಿಯಬೇಕು. ಮರುದಿನ ಅಂಗಡಿ ತೆರೆಯಬೇಕೋ ಬೇಡವೋ ಎಂಬುದು ಎರಡಕ್ಷರದ ಆ ಕಿರುಪದವನ್ನು ಅವಲಂಬಿಸಿರುತ್ತದೆ. ಈ ಕಿರುಪದಗಳು ಕ್ರಿಯಾಪದದೊಂದಿಗೆ ಯಾವ ಯಾವ ಬಗೆಯಲ್ಲಿ ಕೂಡುತ್ತವೆ, ಕನ್ನಡ ಬಲ್ಲವರಿಗೆ ಅವು ಎಲ್ಲಿ ತೊಡಕಾಗುತ್ತವೆ, ಎಲ್ಲಿ ಕನ್ನಡವೇ ಅವನ್ನು ಬಿಡಿಸಿ ತೋರಿಸುತ್ತದೆ ಎಂಬುದು ಈ ಲೇಖನದ ವಿಷಯ.

ಪ್ರೆಪೊಸಿಷನ್ ಎಂದರೇನು?

ಕನ್ನಡದಲ್ಲಿ ‘ಮನೆ’ ಎಂಬ ನಾಮಪದಕ್ಕೆ ವಿಭಕ್ತಿ ಪ್ರತ್ಯಯ ಸೇರಿಸಿ ಮನೆಯಲ್ಲಿ, ಮನೆಗೆ, ಮನೆಯಿಂದ ಎನ್ನುತ್ತೇವೆ. ಪ್ರತ್ಯಯ ಸಾಲದ ಕಡೆ ಮೇಲೆ, ಕೆಳಗೆ, ಜೊತೆ, ಬಗ್ಗೆ ಮುಂತಾದ ಪದಗಳನ್ನು ನಾಮಪದದ ನಂತರ ಇಡುತ್ತೇವೆ. ಇಂಗ್ಲಿಷು ಇದೇ ಕೆಲಸವನ್ನು ನಾಮಪದದ ಮುಂಚೆ ನಿಲ್ಲುವ ಇನ್, ಟು, ಫ್ರಮ್, ಆನ್, ವಿತ್ ಮೊದಲಾದ ಪದಗಳಿಂದ ಮಾಡಿಸುತ್ತದೆ. ಇವೇ ಪ್ರೆಪೊಸಿಷನ್‌ಗಳು. ಪ್ರೆಪೊಸಿಷನ್ ಮತ್ತು ಅದರ ನಂತರ ಬರುವ ನಾಮಪದ ಸೇರಿ ಆಗುವ ‘ಇನ್ ದಿ ಹೌಸ್’, ‘ಆನ್ ದಿ ಟೇಬಲ್’ ಎಂಬಂಥ ಗುಚ್ಛಕ್ಕೆ ಪ್ರೆಪೊಸಿಷನಲ್ ಫ್ರೇಸ್ ಎಂದು ಹೆಸರು.

ತೊಡಕು ಹುಟ್ಟುವುದು ಸ್ಥಾನದಿಂದ. ಕನ್ನಡದ ಪ್ರತ್ಯಯ ನಾಮಪದಕ್ಕೆ ಅಂಟಿಕೊಂಡೇ ಇರುವುದರಿಂದ ಅದು ಯಾರದ್ದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು, ಕಿರುಪದ ನಡುವೆ, ನಾಮಪದ ಕೊನೆಗೆ ಬರುವುದರಿಂದ ನಡುವಿನದು ಎಡಗಡೆಯದೋ ಬಲಗಡೆಯದೋ ಎಂಬುದು ನೋಡಿದೊಡನೆ ತಿಳಿಯುವುದಿಲ್ಲ. ಬಸ್ಸಿನ ಸೀಟಿನಲ್ಲಿ ಇಬ್ಬರು ದೊಡ್ಡವರ ನಡುವೆ ಮಗುವೊಂದು ಕುಳಿತಿದ್ದರೆ ಅದು ಯಾರ ಕಡೆಯದು ಎಂದು ಕಂಡಕ್ಟರಿಗೆ ಗೊತ್ತಾಗದು. ಒಬ್ಬರು ಎದ್ದು ಹೊರಟಾಗ ಮಗು ಯಾರ ಹಿಂದೆ ಹೋಗುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ. ವ್ಯಾಕರಣಕಾರರು ಬಳಸುವ ಪರೀಕ್ಷೆಗಳೂ ಬಹುಮಟ್ಟಿಗೆ ಹೀಗೆಯೇ ಇವೆ: ಒಂದು ಪದವನ್ನು ಜಾಗ ಬದಲಿಸಿ, ಕಿರುಪದ ಯಾರ ಜೊತೆಗೆ ಹೋಗುತ್ತದೆ ಎಂದು ನೋಡುವುದು.

ಒಂದೇ ‘ವೇಟ್’, ಬೇರೆ ಬೇರೆ ನಂಟು

‘ವೇಟ್’ ಎಂಬ ಕ್ರಿಯಾಪದವನ್ನೇ ತೆಗೆದುಕೊಳ್ಳೋಣ. ‘ಶಿ ವೇಟೆಡ್ ಆನ್ ದಿ ಪ್ಲಾಟ್‌ಫಾರ್ಮ್’, ‘ಶಿ ವೇಟೆಡ್ ಫಾರ್ ಎನ್ ಅವರ್’, ‘ಶಿ ವೇಟೆಡ್ ಫಾರ್ ದಿ ಟ್ರೇನ್’ ಎಂಬ ವಾಕ್ಯಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಕನ್ನಡದಲ್ಲಿ ಹೇಳಿ ನೋಡಿದರೆ ಅವುಗಳ ಒಳಗಿನ ವ್ಯತ್ಯಾಸ ಹೊರಗೆ ಬರುತ್ತದೆ: ಅವಳು ಪ್ಲಾಟ್‌ಫಾರಂನಲ್ಲಿ ಕಾದಳು, ಅವಳು ಒಂದು ಗಂಟೆ ಕಾದಳು, ಅವಳು ರೈಲಿಗೆ ಕಾದಳು. ಪ್ಲಾಟ್‌ಫಾರಂ ಎಂಬುದು ಎಲ್ಲಿ ಎಂಬುದಕ್ಕೆ ಉತ್ತರ, ಗಂಟೆ ಎಂಬುದು ಎಷ್ಟು ಹೊತ್ತು ಎಂಬುದಕ್ಕೆ ಉತ್ತರ. ಇವು ಕಾಯುವುದಕ್ಕೆ ಮಾತ್ರವಲ್ಲ, ನಿಲ್ಲುವುದು, ಮಲಗುವುದು, ಓದುವುದು ಮುಂತಾದ ಯಾವ ಕ್ರಿಯೆಗಾದರೂ ಸೇರಬಲ್ಲ ಬಿಡಿ ಗುಚ್ಛಗಳು. ತೆಗೆದರೂ ವಾಕ್ಯ ನಿಲ್ಲುತ್ತದೆ, ವಾಕ್ಯದ ಆರಂಭಕ್ಕೆ ಒಯ್ದರೂ ಕೆಡುವುದಿಲ್ಲ. ರೈಲಿನ ಮಾತು ಹಾಗಲ್ಲ. ಕಾಯುವ ಕ್ರಿಯೆಗೆ ಕಾಯಿಸಿಕೊಳ್ಳುವ ಏನಾದರೊಂದು ಬೇಕು, ಅದನ್ನು ತನ್ನ ಬಳಿಗೆ ತರಲು ‘ವೇಟ್’ ಎಂಬ ಕ್ರಿಯಾಪದ ‘ಫಾರ್’ ಅನ್ನೇ ಕೇಳುತ್ತದೆ. ‘ಫಾರ್ ದಿ ಟ್ರೇನ್’ ಎಂಬುದನ್ನು ವಾಕ್ಯದ ಆರಂಭಕ್ಕೆ ಒಯ್ದರೆ ಇಂಗ್ಲಿಷ್ ಕಿವಿಗೆ ಅದು ವಿಚಿತ್ರವಾಗಿ ಕೇಳಿಸುತ್ತದೆ.

‘ವೇಟ್ ಆನ್ ದಿ ಕಸ್ಟಮರ್ಸ್’ ಎಂದರೆ ಗ್ರಾಹಕರಿಗೆ ಊಟ ಬಡಿಸು, ಉಪಚರಿಸು ಎಂದಾಗುತ್ತದೆ. ಪ್ಲಾಟ್‌ಫಾರಂ ಜೊತೆಗಿನ ‘ಆನ್’ ನಾಮಪದದ ಕಡೆಯದು, ಗ್ರಾಹಕರ ಜೊತೆಗಿನ ‘ಆನ್’ ಕ್ರಿಯಾಪದದ ಕಡೆಯದು. ಹೋಟೆಲಿನಲ್ಲಿ ಬಡಿಸುವವನಿಗೆ ‘ವೇಟರ್’ ಎಂದು ಹೆಸರು ಬಂದದ್ದು ಈ ಎರಡನೆಯ ಅರ್ಥದಿಂದ.

ಕ್ರಿಯಾಪದ ತಾನೇ ಆರಿಸಿಕೊಳ್ಳುವ ಪ್ರೆಪೊಸಿಷನ್

‘ಡಿಪೆಂಡ್ ಆನ್’, ‘ಲಿಸನ್ ಟು’, ‘ಬಿಲಾಂಗ್ ಟು’, ‘ಬಿಲೀವ್ ಇನ್’, ‘ಕನ್ಸಿಸ್ಟ್ ಆಫ್’ (ಇದು of, ‘ರೈಟ್ ಆಫ್’ನಲ್ಲಿರುವ off ಅಲ್ಲ) ಇವು ‘ವೇಟ್ ಫಾರ್’ ವರ್ಗಕ್ಕೆ ಸೇರಿದವು. ಇಲ್ಲಿ ಕ್ರಿಯಾಪದದ ಅರ್ಥ ಹಾಗೆಯೇ ಇರುತ್ತದೆ, ಆದರೆ ಅದು ಇಂಥದೇ ಪ್ರೆಪೊಸಿಷನ್ ಬೇಕೆಂದು ಹಟ ಹಿಡಿಯುತ್ತದೆ. ‘ಆನ್’ ಏಕೆ, ‘ಅಟ್’ ಏಕಲ್ಲ ಎಂದು ಕೇಳಿದರೆ ತೃಪ್ತಿಕರವಾದ ಉತ್ತರ ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ಇಂಗ್ಲಿಷಿನ ಅವಗುಣವೆಂದು ದೂರುವ ಮುಂಚೆ ನಮ್ಮ ಮಾತನ್ನೇ ಗಮನಿಸಬಹುದು. ಹುಲಿಗೆ ಹೆದರುತ್ತೇವೆ, ಹುಲಿಯನ್ನು ಕೊಲ್ಲುತ್ತೇವೆ, ಹುಲಿಯಿಂದ ತಪ್ಪಿಸಿಕೊಳ್ಳುತ್ತೇವೆ. ಹೆದರುವುದಕ್ಕೆ ‘ಗೆ’ ಏಕೆ ಬಂತು? ಇಂಗ್ಲಿಷಿನವರು ಅಲ್ಲಿ ‘ಆಫ್’ (of) ಬಳಸಿ ‘ಅಫ್ರೇಡ್ ಆಫ್’ ಎನ್ನುತ್ತಾರೆ. ಕನ್ನಡ ಕಲಿಯಲು ಬಂದವರು ‘ಹುಲಿಯ ಹೆದರಿದೆ’ ಎಂದಾಗ ನಮಗೆ ನಗು ಬರುವಂತೆಯೇ ನಾವು ‘ಆಂಗ್ರಿ ಆನ್ ಹಿಮ್’ ಎಂದಾಗ ಅವರಿಗೂ ಬರುತ್ತದೆ. ನಮ್ಮಲ್ಲಿ ಸಿಟ್ಟು ಒಬ್ಬರ ‘ಮೇಲೆ’ ಬರುತ್ತದೆ, ಅವರಲ್ಲಿ ‘ವಿತ್’ ಎಂದು ಬಳಕೆ.

ನಮ್ಮ ಒಂದು ಕ್ರಿಯಾಪದದ ಎದುರು ಇಂಗ್ಲಿಷಿನಲ್ಲಿ ಹಲವು ಇರುವ ಕಡೆ ಗೊಂದಲ ಹೆಚ್ಚು. ‘ಕೇಳು’ ಇದಕ್ಕೆ ಒಳ್ಳೆಯ ಉದಾಹರಣೆ. ಹೊರಗೆ ಸದ್ದು ಕೇಳಿದರೆ ‘ಹಿಯರ್’, ಅದಕ್ಕೆ ಪ್ರೆಪೊಸಿಷನ್ ಬೇಡ. ಬೇಕೆಂದೇ ಕುಳಿತು ಸಂಗೀತ ಕೇಳಿದರೆ ‘ಲಿಸನ್ ಟು’. ನೀರು ಕೇಳಿದರೆ ‘ಆಸ್ಕ್ ಫಾರ್’, ದಾರಿ ಕೇಳಿದರೆ ಬರಿಯ ‘ಆಸ್ಕ್’. ಕೊನೆಯ ಎರಡರ ನಡುವಿನ ವ್ಯತ್ಯಾಸ ಸೂಕ್ಷ್ಮವಾದದ್ದು: ವಸ್ತುವೇ ಕೈಗೆ ಬರಬೇಕಾದರೆ ‘ಫಾರ್’ ಬೇಕು, ಪ್ರಶ್ನೆಗೆ ಉತ್ತರ ಸಾಕಾದರೆ ಸಾಮಾನ್ಯವಾಗಿ ಬೇಡ. ‘ಲಿಸನ್ ಮ್ಯೂಸಿಕ್’ ಎಂಬ ತಪ್ಪು ‘ಸಂಗೀತ ಕೇಳು’ ಎಂಬುದರಿಂದ ನೇರವಾಗಿ ಇಳಿದು ಬಂದದ್ದು, ಏಕೆಂದರೆ ಕನ್ನಡದಲ್ಲಿ ಅಲ್ಲಿ ಎದ್ದು ಕಾಣುವ ಪ್ರತ್ಯಯವೇ ಇಲ್ಲ.

ಮತ್ತೆ ಕೆಲವು ಕಡೆ ನಮ್ಮ ವಿಭಕ್ತಿಯೇ ಸರಿಯಾದ ದಾರಿ ತೋರಿಸುತ್ತದೆ. ಮೈಸೂರು ಬಿಟ್ಟರು ಎಂಬುದು ‘ಲೆಫ್ಟ್ ಮೈಸೂರು’, ಮೈಸೂರಿಗೆ ಹೊರಟರು ಎಂಬುದು ‘ಲೆಫ್ಟ್ ಫಾರ್ ಮೈಸೂರು’. ಬೆಂಗಳೂರು ತಲುಪಿದರು ಎನ್ನುವಲ್ಲಿ ಪ್ರತ್ಯಯವಿಲ್ಲ, ‘ರೀಚ್ಡ್ ಬೆಂಗಳೂರು’ ಎನ್ನುವಲ್ಲಿಯೂ ಪ್ರೆಪೊಸಿಷನ್ ಇಲ್ಲ. ಬೆಂಗಳೂರಿಗೆ ಬಂದಿಳಿದರು ಎಂಬಲ್ಲಿ ಪ್ರತ್ಯಯವಿದೆ, ‘ಅರೈವ್ಡ್ ಇನ್ ಬೆಂಗಳೂರು’ ಎಂಬಲ್ಲಿ ಪ್ರೆಪೊಸಿಷನ್ ಇದೆ.

ಕಚೇರಿಯ ಪತ್ರಗಳಲ್ಲಿ ಪದೇ ಪದೇ ಕಾಣುವ ‘ಡಿಸ್ಕಸ್ ಅಬೌಟ್’ ಎಂಬುದರ ಮೂಲ ಇನ್ನೂ ಸ್ವಾರಸ್ಯಕರವಾಗಿದೆ. ‘ಡಿಸ್ಕಸ್’ ಎಂಬ ಕ್ರಿಯಾಪದಕ್ಕೆ ಪ್ರೆಪೊಸಿಷನ್ ಬೇಡ. ಆದರೆ ‘ಡಿಸ್ಕಶನ್’ ಎಂಬ ನಾಮಪದಕ್ಕೆ ‘ಅಬೌಟ್’ ಹೊಂದುತ್ತದೆ, ನಮ್ಮಲ್ಲಿಯೂ ‘ಬಗ್ಗೆ ಚರ್ಚಿಸು’ ಎನ್ನುವುದು ಸಹಜ. ಹೀಗೆ ಎರಡೂ ಕಡೆಯ ಒತ್ತಡದಿಂದ ‘ಅಬೌಟ್’ ನುಸುಳಿಕೊಳ್ಳುತ್ತದೆ. ‘ರಿಕ್ವೆಸ್ಟ್ ಫಾರ್’, ‘ಎಂಫಸೈಜ್ ಆನ್’ ಎಂಬ ಬಳಕೆಗಳೂ ಇದೇ ದಾರಿಯಿಂದ ಬಂದವು. ನಾಮಪದಕ್ಕೆ ಸಲ್ಲುವ ಪ್ರೆಪೊಸಿಷನ್ ಕ್ರಿಯಾಪದಕ್ಕೂ ಅಂಟಿಕೊಂಡಿದೆ. ಭಾರತದ ಇಂಗ್ಲಿಷಿನಲ್ಲಿ ಇವು ಎಷ್ಟು ರೂಢಿಯಾಗಿವೆಯೆಂದರೆ ಮಾತಿನಲ್ಲಿ ಯಾರೂ ತಡೆದು ನಿಲ್ಲಿಸುವುದಿಲ್ಲ, ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ.

ಅರ್ಥವನ್ನೇ ಬದಲಿಸುವ ಕೂಟ

ಈಗ ‘ಟರ್ನ್ ಆಫ್ ದಿ ಹೈವೇ’ ಮತ್ತು ‘ಟರ್ನ್ ಆಫ್ ದಿ ಲೈಟ್’ ಎಂಬ ಎರಡನ್ನು ಅಕ್ಕಪಕ್ಕ ಇಡೋಣ. ಮೊದಲನೆಯದು ಹೆದ್ದಾರಿಯಿಂದ ಪಕ್ಕಕ್ಕೆ ತಿರುಗು ಎಂದು. ‘ಟರ್ನ್’ ಎಂದರೆ ತಿರುಗು, ‘ಆಫ್ ದಿ ಹೈವೇ’ ಎಂದರೆ ಹೆದ್ದಾರಿಯಿಂದ ಆಚೆಗೆ. ಎರಡನ್ನೂ ಕೂಡಿಸಿದರೆ ಅರ್ಥ ಸಿಗುತ್ತದೆ. ಎರಡನೆಯದು ದೀಪ ಆರಿಸು ಎಂದು. ಇಲ್ಲಿ ‘ಟರ್ನ್’ ಮತ್ತು ‘ಆಫ್’ ಸೇರಿ ಒಂದೇ ಕ್ರಿಯಾಪದವಾಗಿವೆ. ಇಂಥ ಕೂಟಕ್ಕೆ ಫ್ರೇಸಲ್ ವರ್ಬ್ ಎಂದು ಹೆಸರು. ಗಿವ್ ಅಪ್, ಫೈಂಡ್ ಔಟ್, ಕ್ಯಾರಿ ಔಟ್, ಟೇಕ್ ಓವರ್, ಲೇ ಆಫ್ ಎಲ್ಲವೂ ಈ ಜಾತಿಯವು.

ಇವೆರಡನ್ನು ಬೇರ್ಪಡಿಸಲು ನಂಬಬಹುದಾದ ಪರೀಕ್ಷೆಯೊಂದಿದೆ. ನಾಮಪದದ ಬದಲು ‘ಇಟ್’ ಎಂಬ ಸರ್ವನಾಮ ಹಾಕಿ ನೋಡಬೇಕು. ದೀಪದ ವಿಷಯದಲ್ಲಿ ‘ಟರ್ನ್ ಇಟ್ ಆಫ್’ ಎಂದೇ ಹೇಳಬೇಕು, ‘ಟರ್ನ್ ಆಫ್ ಇಟ್’ ಎಂದರೆ ತಪ್ಪು. ಹೆದ್ದಾರಿಯ ವಿಷಯದಲ್ಲಿ ಇದು ತಲೆಕೆಳಗು. ‘ಟರ್ನ್ ಇಟ್ ಆಫ್’ ಎಂದರೆ ಹೆದ್ದಾರಿಗೊಂದು ಸ್ವಿಚ್ ಇರುವಂತಾಗುತ್ತದೆ. ‘ಲುಕ್ ಅಟ್ ದಿ ಪಿಕ್ಚರ್’ ಎಂಬುದು ‘ಲುಕ್ ಅಟ್ ಇಟ್’ ಆಗಿಯೇ ಉಳಿಯುತ್ತದೆ, ‘ಲುಕ್ ಅಪ್ ದಿ ವರ್ಡ್’ ಎಂಬುದು ‘ಲುಕ್ ಇಟ್ ಅಪ್’ ಆಗುತ್ತದೆ. ನಾಮಪದವಿದ್ದಾಗ ಮಾತ್ರ ‘ಟರ್ನ್ ಆಫ್ ದಿ ಲೈಟ್’, ‘ಟರ್ನ್ ದಿ ಲೈಟ್ ಆಫ್’ ಎಂಬ ಎರಡೂ ಕ್ರಮ ಸರಿ. ಉಚ್ಚಾರಣೆಯೂ ಸಾಕ್ಷಿ ಹೇಳುತ್ತದೆ: ‘ಟರ್ನ್ ಇಟ್ ಆಫ್’ ಎಂಬಲ್ಲಿ ಒತ್ತು ಬೀಳುವುದು ‘ಆಫ್’ ಮೇಲೆ, ‘ಲುಕ್ ಅಟ್ ಇಟ್’ ಎಂಬಲ್ಲಿ ‘ಲುಕ್’ ಮೇಲೆ, ಅಲ್ಲಿನ ‘ಅಟ್’ ಕೇಳಿಸಿಯೂ ಕೇಳಿಸದಂತೆ ಸರಿದುಹೋಗುತ್ತದೆ.

‘ಬಿಡು’, ‘ಹೋಗು’, ‘ಹಾಕು’ ಮತ್ತು ‘ಅಪ್’

ಫ್ರೇಸಲ್ ವರ್ಬ್‌ಗಳನ್ನು ನಮ್ಮ ವಿಭಕ್ತಿಗಳ ಮೂಲಕ ಅರ್ಥಮಾಡಿಕೊಳ್ಳಲು ಹೊರಟರೆ ದಾರಿ ತಪ್ಪುತ್ತದೆ. ಕನ್ನಡದಲ್ಲಿ ಅವುಗಳಿಗೆ ಸರಿಜೋಡಿ ಇರುವುದು ಬೇರೊಂದು ಕಡೆ, ಸಹಾಯಕ ಕ್ರಿಯಾಪದಗಳಲ್ಲಿ. ‘ಈಟ್’ ಎಂದರೆ ತಿನ್ನು, ‘ಈಟ್ ಅಪ್’ ಎಂದರೆ ತಿಂದುಬಿಡು. ‘ಟೇರ್’ ಹರಿ, ‘ಟೇರ್ ಅಪ್’ ಹರಿದುಹಾಕು. ‘ಡ್ರೈ’ ಒಣಗು, ‘ಡ್ರೈ ಅಪ್’ ಒಣಗಿಹೋಗು. ಈ ‘ಅಪ್’ಗೂ ಮೇಲೆ ಎಂಬ ಅರ್ಥಕ್ಕೂ ಈಗ ಸಂಬಂಧವಿಲ್ಲ, ಕೆಲಸ ಪೂರ್ತಿಯಾಯಿತು, ಏನೂ ಉಳಿಯಲಿಲ್ಲ ಎಂಬುದನ್ನಷ್ಟೇ ಅದು ಸೂಚಿಸುತ್ತದೆ. ಕೆರೆ ಒಣಗಿಹೋಯಿತು ಎಂದಾಗ ಕೆರೆ ಎಲ್ಲಿಗೂ ‘ಹೋಗಿಲ್ಲ’, ಚೀಟಿ ಹರಿದುಹಾಕಿದೆ ಎಂದಾಗ ಏನನ್ನೂ ಎಲ್ಲಿಗೂ ‘ಹಾಕಿಲ್ಲ’. ಕನ್ನಡದ ಮಗು ಇದನ್ನು ಯಾರೂ ಹೇಳಿಕೊಡದೆ ಕಲಿಯುತ್ತದೆ, ಇಂಗ್ಲಿಷಿನ ಮಗು ‘ಅಪ್’ ಅನ್ನು ಕಲಿಯುವುದೂ ಹಾಗೆಯೇ. ಇಂಗ್ಲಿಷಿನಲ್ಲಿ ಮನೆ ‘ಬರ್ನ್ ಅಪ್’ ಆದರೂ ‘ಬರ್ನ್ ಡೌನ್’ ಆದರೂ ಉಳಿಯುವುದು ಬೂದಿಯೇ.

ಉಳಿದ ಕಿರುಪದಗಳಲ್ಲಿಯೂ ಇಂಥದೊಂದು ಒಳಹರಿವು ಇದೆ, ‘ಅಪ್’ನಲ್ಲಿ ಕಾಣುವಷ್ಟು ಸ್ಪಷ್ಟವಾಗಿಲ್ಲ ಅಷ್ಟೆ. ‘ಆನ್’ ಬಂದರೆ ಕೆಲಸ ಮುಂದುವರಿಯುತ್ತದೆ: ಗೋ ಆನ್, ಕ್ಯಾರಿ ಆನ್, ಕೀಪ್ ಆನ್. ‘ಆಫ್’ ಬಂದರೆ ಒಂದು ಸಂಬಂಧ ಕಡಿದುಹೋಗುತ್ತದೆ: ಕಟ್ ಆಫ್, ಕಾಲ್ ಆಫ್, ಲೇ ಆಫ್. ಮೊದಲಿಗೆ ಹೇಳಿದ ‘ರೈಟ್ ಆಫ್’ ಕೂಡ ಇಲ್ಲಿಯದೇ, ಸಾಲಕ್ಕೂ ಲೆಕ್ಕದ ಪುಸ್ತಕಕ್ಕೂ ಇದ್ದ ಸಂಬಂಧ ಅಲ್ಲಿ ಕಡಿದಿದೆ. ‘ಓವರ್’ನಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಭಾವವಿದೆ, ‘ಹ್ಯಾಂಡ್ ಓವರ್’ ಮತ್ತು ‘ಟೇಕ್ ಓವರ್’ಗಳಲ್ಲಿ ಅದನ್ನು ಕಾಣಬಹುದು. ಆದರೆ ಈ ಸೂತ್ರಗಳನ್ನು ಅತಿಯಾಗಿ ನಂಬಬಾರದು. ವಿಮಾನ ‘ಟೇಕ್ ಆಫ್’ ಆಗುತ್ತದೆ, ಅಂಗಿಯನ್ನೂ ‘ಟೇಕ್ ಆಫ್’ ಮಾಡುತ್ತಾರೆ. ಅರ್ಜಿಯನ್ನು ಬ್ರಿಟನ್ನಿನವರು ಹೆಚ್ಚಾಗಿ ‘ಫಿಲ್ ಇನ್’ ಮಾಡಿದರೆ ಅಮೆರಿಕದವರು ‘ಫಿಲ್ ಔಟ್’ ಮಾಡುತ್ತಾರೆ.

ಚಲನೆಯ ಮಾತು ಬಂದಾಗ ಎರಡು ಭಾಷೆಗಳ ಜಾಯಮಾನದ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದ ಭಾಷಾವಿಜ್ಞಾನಿ ಲೆನಾರ್ಡ್ ಟಾಲ್ಮಿ ಅವರು ಜಗತ್ತಿನ ಭಾಷೆಗಳನ್ನು ಈ ದೃಷ್ಟಿಯಿಂದ ಎರಡು ಬಗೆಯಾಗಿ ನೋಡಿದರು: ಸಾಗುವ ದಿಕ್ಕನ್ನು ಕ್ರಿಯಾಪದದಲ್ಲಿಯೇ ಹೇಳುವ ಭಾಷೆಗಳು, ಕ್ರಿಯಾಪದದ ಪಕ್ಕದ ಕಿರುಪದದಲ್ಲಿ ಹೇಳುವ ಭಾಷೆಗಳು. ಹತ್ತು, ಇಳಿ, ದಾಟು ಎಂಬ ನಮ್ಮ ಕ್ರಿಯಾಪದಗಳ ಒಳಗೇ ದಿಕ್ಕು ಇದೆ, ಸಾಗಿದ ರೀತಿಯನ್ನು ಪಕ್ಕದಲ್ಲಿ ಬೇರೆಯಾಗಿ ಹೇಳುತ್ತೇವೆ: ಕುಂಟುತ್ತ ಮೆಟ್ಟಿಲಿಳಿದ. ಇಂಗ್ಲಿಷು ರೀತಿಯನ್ನು ಕ್ರಿಯಾಪದಕ್ಕೂ ದಿಕ್ಕನ್ನು ಕಿರುಪದಕ್ಕೂ ಕೊಟ್ಟು ‘ಲಿಂಪ್ಡ್ ಡೌನ್ ದಿ ಸ್ಟೆಪ್ಸ್’ ಎನ್ನುತ್ತದೆ. ಕಿರುಪದಗಳಿಗೆ ಆ ಭಾಷೆಯಲ್ಲಿ ಇಷ್ಟು ಕೆಲಸ ಬಿದ್ದಿರುವುದಕ್ಕೆ ಇದೂ ಒಂದು ಕಾರಣ.

ಇಂಗ್ಲಿಷು ಹೀಗೇಕೆ ಆಯಿತು?

ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿಯೂ ನಾಮಪದಕ್ಕೆ ವಿಭಕ್ತಿ ಪ್ರತ್ಯಯಗಳಿದ್ದವು. ಉತ್ತರದ ಸ್ಕ್ಯಾಂಡಿನೇವಿಯದಿಂದ ಬಂದು ನೆಲೆಸಿದ ನಾರ್ಸ್ ಭಾಷಿಕರ ಒಡನಾಟವೂ, 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಬದಲಾವಣೆಗಳೂ ಸೇರಿ, ಮುಂದಿನ ಕೆಲವು ಶತಮಾನಗಳಲ್ಲಿ ಆ ಪ್ರತ್ಯಯಗಳು ಬಹುಪಾಲು ಸವೆದುಹೋದವು. ಅವು ಮಾಡುತ್ತಿದ್ದ ಕೆಲಸ ಪ್ರೆಪೊಸಿಷನ್‌ಗಳ ಪಾಲಿಗೆ ಬಂತು. ಹಳೆಯ ಇಂಗ್ಲಿಷಿನಲ್ಲಿ ಕಿರುಪದವನ್ನು ಕ್ರಿಯಾಪದದ ಮುಂಚೆ ಅಂಟಿಸುವ ಪದ್ಧತಿಯೂ ಬಲವಾಗಿತ್ತು. ‘ಓವರ್‌ಕಮ್’, ‘ಅಂಡರ್‌ಸ್ಟ್ಯಾಂಡ್’ ಎಂಬವು ಅದರ ಕುರುಹುಗಳು. ಬರಬರುತ್ತ ಕಿರುಪದ ಕ್ರಿಯಾಪದದ ನಂತರಕ್ಕೆ ಸರಿದು ಬಿಡಿಯಾಗಿ ನಿಂತಿತು. ಎರಡೂ ಜೋಡಣೆ ಉಳಿದಿರುವ ಕಡೆ ಅರ್ಥ ಬೇರೆಬೇರೆ: ಮೇಲಿನ ನ್ಯಾಯಾಲಯ ತೀರ್ಪನ್ನು ‘ಅಪ್‌ಹೋಲ್ಡ್’ ಮಾಡಿದರೆ ಎತ್ತಿಹಿಡಿದಿದೆ, ವಾಹನಗಳನ್ನು ‘ಹೋಲ್ಡ್ ಅಪ್’ ಮಾಡಿದರೆ ತಡೆಹಿಡಿದಿದ್ದಾರೆ.

ಫ್ರೆಂಚ್ ಮತ್ತು ಲ್ಯಾಟಿನ್ನಿನಿಂದ ಬಂದ ಕ್ರಿಯಾಪದಗಳು ನ್ಯಾಯಾಲಯದಲ್ಲಿ, ವಿದ್ವತ್ತಿನಲ್ಲಿ ನೆಲೆಯೂರಿದವು, ಮನೆಮಾತಿನಲ್ಲಿ ದೇಸಿ ಜೋಡಿಗಳೇ ಉಳಿದವು. ಬೆಂಕಿಯನ್ನು ಜನ ‘ಪುಟ್ ಔಟ್’ ಮಾಡುತ್ತಾರೆ, ಇಲಾಖೆಯ ವರದಿ ಅದನ್ನು ‘ಎಕ್ಸ್‌ಟಿಂಗ್ವಿಶ್’ ಮಾಡುತ್ತದೆ. ಸಭೆಯನ್ನು ಮಾತಿನಲ್ಲಿ ‘ಪುಟ್ ಆಫ್’, ಸುತ್ತೋಲೆಯಲ್ಲಿ ‘ಪೋಸ್ಟ್‌ಪೋನ್’. ಶಾಲೆಯ ಪಠ್ಯದಿಂದ ಇಂಗ್ಲಿಷ್ ಕಲಿತ ನಮಗೆ ಸುತ್ತೋಲೆಯ ಪದಗಳು ಸುಲಭ, ಮನೆಯ ಪದಗಳು ಕಷ್ಟ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾವು ಸಭೆಯನ್ನು ಮುಂದಕ್ಕೆ ಹಾಕಿದರೆ ಅದು ತಡವಾಗಿ ನಡೆಯುತ್ತದೆ, ಇಂಗ್ಲಿಷಿನಲ್ಲಿ ಸಭೆಯನ್ನು ‘ಬ್ರಿಂಗ್ ಫಾರ್ವರ್ಡ್’ ಮಾಡಿದರೆ ಅದು ಗೊತ್ತಾದ ದಿನಕ್ಕಿಂತ ಮೊದಲೇ ನಡೆಯುತ್ತದೆ. ಭಾರತದಲ್ಲಿ ಬಳಕೆಗೆ ಬಂದ ‘ಪ್ರಿಪೋನ್’ ಎಂಬ ಪದ ಈ ಗೊಂದಲವನ್ನು ಸೊಗಸಾಗಿ ಬಗೆಹರಿಸಿದೆ ಎಂದೇ ಹೇಳಬೇಕು.

ಹೊರಗಿನವರಿಗೆ ಇದು ಕಷ್ಟವೆಂಬುದು ಇಂಗ್ಲಿಷಿನವರಿಗೂ ಹಳೆಯ ಸಂಗತಿ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತಮ್ಮ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದದ ನಂತರ ಕಿರುಪದ ಸೇರಿಸಿ ಅರ್ಥ ಬದಲಿಸುವ ಈ ರೂಢಿಯೇ ಪರದೇಶದವರಿಗೆ ಅತಿ ಹೆಚ್ಚು ತೊಂದರೆ ಕೊಡುವಂಥದು ಎಂದು ಬರೆದು ಉದಾಹರಣೆಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲೊಂದು ‘ಫಾಲ್ ಆನ್’, ಎಂದರೆ ಆಕ್ರಮಿಸು. ಶತ್ರುಗಳು ‘ಮೇಲೆ ಬಿದ್ದರು’ ಎನ್ನುವ ಕನ್ನಡಿಗರಿಗೆ ಆ ಒಂದು ಉದಾಹರಣೆಯಾದರೂ ತೊಂದರೆ ಕೊಡುವುದಿಲ್ಲ.

ಮೂರು ಪದಗಳ ಕೂಟ, ಮತ್ತು ‘ಟು’ ತರುವ ತಂಟೆ

ಕೆಲವೊಮ್ಮೆ ಕ್ರಿಯಾಪದ ಮೊದಲು ಒಂದು ಕಿರುಪದದೊಡನೆ ಬೆಸೆದು, ಆ ಬೆಸುಗೆ ಮತ್ತೊಂದು ಪ್ರೆಪೊಸಿಷನ್ ಅನ್ನು ಕೇಳುತ್ತದೆ. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳು, ‘ಕೀಪ್ ಅಪ್ ವಿತ್’ ಎಂದರೆ ಹಿಂದೆ ಬೀಳದಂತೆ ಸರಿಸಮನಾಗಿ ಸಾಗು. ‘ಕೋಪ್’ ಎಂಬುದಕ್ಕೆ ಬರಿಯ ‘ವಿತ್’ ಸಾಕು, ಆದರೂ ನಮ್ಮಲ್ಲಿ ಅನೇಕರು ‘ಕೋಪ್ ಅಪ್ ವಿತ್’ ಎನ್ನುತ್ತಾರೆ. ಮೇಲಿನ ಕೂಟಗಳ ಲಯ ನಾಲಿಗೆಗೆ ಅಂಟಿಕೊಂಡದ್ದೇ ಇದಕ್ಕೆ ಕಾರಣವಿರಬೇಕು.

ಈ ಗುಂಪಿನಲ್ಲಿ ಹೆಚ್ಚು ಎಡವುವುದು ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿ. ಪತ್ರದ ಕೊನೆಗೆ ‘ಐ ಲುಕ್ ಫಾರ್ವರ್ಡ್ ಟು ಮೀಟ್ ಯು’ ಎಂದು ಬರೆಯುವವರು ಬಹಳ. ‘ಟು’ ಬಂದೊಡನೆ ‘ಟು ಗೋ’, ‘ಟು ಈಟ್’ ಎಂಬಂತೆ ಕ್ರಿಯಾಪದ ಬರಬೇಕೆಂದು ಮನಸ್ಸು ತಿಳಿಯುತ್ತದೆ. ಆದರೆ ಇಲ್ಲಿನ ‘ಟು’ ಪ್ರೆಪೊಸಿಷನ್, ಅದರ ನಂತರ ನಾಮಪದವೇ ಬರಬೇಕು. ಕ್ರಿಯೆಯನ್ನು ಹೇಳಬೇಕಾದರೆ ಅದನ್ನು ‘ಮೀಟಿಂಗ್’ ಎಂದು ನಾಮಪದ ಮಾಡಿಕೊಳ್ಳಬೇಕು. ಕನ್ನಡದ ನಿಯಮವೂ ಇದೇ ಆಗಿದೆ. ‘ಭೇಟಿಯಾಗು’ ಎಂಬುದಕ್ಕೆ ನೇರವಾಗಿ ‘ಅನ್ನು’ ಹಚ್ಚಲಾರೆವು, ‘ಭೇಟಿಯಾಗುವುದು’ ಎಂದು ಮಾಡಿಕೊಂಡು ‘ಭೇಟಿಯಾಗುವುದನ್ನು ಎದುರುನೋಡುತ್ತೇನೆ’ ಎನ್ನುತ್ತೇವೆ. ಯಾವ ‘ಟು’ ಎಂಬ ಅನುಮಾನ ಬಂದಾಗ ಅದರ ನಂತರ ‘ಇಟ್’ ಹಾಕಿ ನೋಡಬಹುದು. ‘ಲುಕ್ ಫಾರ್ವರ್ಡ್ ಟು ಇಟ್’ ಸರಿಹೊಂದುತ್ತದೆ, ‘ವಾಂಟ್ ಟು ಇಟ್’ ಹೊಂದುವುದಿಲ್ಲ.

ನಾಮಪದ ಎದ್ದು ಹೋದಾಗ

ಇನ್ನೊಂದು ರಚನೆ ಕನ್ನಡದವರಿಗೆ ವಿಚಿತ್ರವಾಗಿ ಕಾಣುತ್ತದೆ. ‘ದಿ ಮ್ಯಾಟರ್ ಈಸ್ ಬೀಯಿಂಗ್ ಲುಕ್ಡ್ ಇನ್‌ಟು’, ಎಂದರೆ ವಿಷಯವನ್ನು ಪರಿಶೀಲಿಸಲಾಗುತ್ತಿದೆ, ಎಂದು ದೂರಿಗೆ ಬರುವ ಉತ್ತರಗಳಲ್ಲಿ ಓದುತ್ತೇವೆ. ‘ಇನ್‌ಟು’ ಆದ ಮೇಲೆ ಏನೂ ಇಲ್ಲ, ಏಕೆಂದರೆ ಅದರ ನಾಮಪದ ವಾಕ್ಯದ ಆರಂಭಕ್ಕೆ ಎದ್ದು ಹೋಗಿದೆ. ಕ್ರಿಯಾಪದದೊಂದಿಗೆ ಗಟ್ಟಿ ನಂಟಿರುವ ಪ್ರೆಪೊಸಿಷನ್ ಮಾತ್ರ ಹೀಗೆ ಒಂಟಿಯಾಗಿ ಉಳಿಯಬಲ್ಲದು. ಪ್ಲಾಟ್‌ಫಾರಂನಲ್ಲಿ ಕಾದವಳ ವಾಕ್ಯವನ್ನು ಹೀಗೆ ತಿರುಗಿಸಲು ಬರುವುದಿಲ್ಲ. ಪ್ರಶ್ನೆಗಳಲ್ಲಿಯೂ ‘ವಾಟ್ ಆರ್ ಯು ವೇಟಿಂಗ್ ಫಾರ್?’ ಎಂದೇ ಸಹಜ ಬಳಕೆ. ವಾಕ್ಯವನ್ನು ಪ್ರೆಪೊಸಿಷನ್‌ನಿಂದ ಮುಗಿಸಬಾರದು ಎಂಬ ಹಳೆಯ ಕಟ್ಟಳೆಯನ್ನು ಕೆಲವು ಶಿಕ್ಷಕರು ಇಂದಿಗೂ ಹೇಳಿಕೊಡುತ್ತಾರೆ. 17ನೆಯ ಶತಮಾನದಲ್ಲಿ ಕವಿ ಜಾನ್ ಡ್ರೈಡನ್ ಅಂಥ ವಾಕ್ಯಗಳನ್ನು ಆಕ್ಷೇಪಿಸಿದ್ದರು. ಇಂಗ್ಲಿಷ್ ಮಾತಾಡುವವರು ಅದನ್ನು ಎಂದೂ ಪೂರ್ತಿಯಾಗಿ ಪಾಲಿಸಿದವರಲ್ಲ.

ನಿಘಂಟಿನಲ್ಲಿ ಹುಡುಕುವ ಕ್ರಮ

ಅರ್ಥ ಗೊತ್ತಿಲ್ಲದ ಜೋಡಿ ಎದುರಾದರೆ ಕಿರುಪದವನ್ನಲ್ಲ, ಕ್ರಿಯಾಪದವನ್ನು ಹುಡುಕಬೇಕು. ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್ ನಿಘಂಟುಗಳಲ್ಲಿ ‘ಲುಕ್’ ಎಂಬ ಪದದ ಅರ್ಥಗಳೆಲ್ಲ ಮುಗಿದ ನಂತರ ಅದರ ಫ್ರೇಸಲ್ ವರ್ಬ್‌ಗಳನ್ನು ಪ್ರತ್ಯೇಕವಾಗಿ, ಅಕಾರಾದಿಯಲ್ಲಿ ಕೊಟ್ಟಿರುತ್ತಾರೆ. ಅಲ್ಲಿ ‘ಸಮ್‌ಥಿಂಗ್’ ಅಥವಾ ‘ಸಮ್‌ಬಡಿ’ ಎಂಬ ಪದ ಎಲ್ಲಿ ಕುಳಿತಿದೆ ಎಂಬುದನ್ನು ಹೆಚ್ಚಿನವ­ರು ಗಮನಿಸುವುದಿಲ್ಲ, ಆದರೆ ಬೇಕಾದ ಮಾಹಿತಿ ಇರುವುದೇ ಅಲ್ಲಿ. ‘ಲುಕ್ ಸಮ್‌ಥಿಂಗ್ ಅಪ್’ ಎಂದು ನಡುವೆ ಕೊಟ್ಟಿದ್ದರೆ ಜೋಡಿಯನ್ನು ಬಿಡಿಸಬಹುದು, ಸರ್ವನಾಮವನ್ನು ನಡುವೆಯೇ ಇಡಬೇಕು. ‘ಲುಕ್ ಆಫ್ಟರ್ ಸಮ್‌ಬಡಿ’ ಎಂದು ಕೊನೆಗೆ ಕೊಟ್ಟಿದ್ದರೆ ಬಿಡಿಸುವಂತಿಲ್ಲ. ‘ಬ್ರೇಕ್ ಡೌನ್’ ಎಂದು ಬರಿದೇ ಕೊಟ್ಟಿರುವ ಅರ್ಥದಲ್ಲಿ ಕರ್ಮಪದವೇ ಬೇಕಿಲ್ಲ: ಬಸ್ಸು ತಾನಾಗಿಯೇ ಕೆಟ್ಟು ನಿಲ್ಲುತ್ತದೆ.